8 ಚಿ ಎತ್ತರ ಅಂದ್ರೆ 2.67 ಮೀಟರ್ ಅಲ್ಲ

ಹಳೇ ಚೀನಾದ ಮಂತ್ರಿ ಝುಗೆ ಲಿಯಾಂಗ್ ಎತ್ತರ 8 ಚಿ (ಚೀನಾದ ಉದ್ದದ ಅಳತೆ) ಅಂತ ಓದಿ ಆನ್‌ಲೈನ್ ಕನ್ವರ್ಟರ್‌ಗೆ ಹಾಕಿದ್ರೆ 2.67 ಮೀಟರ್ ಬರ್ತಿದೆ, ಇದು ಸರೀನಾ ಅಂತ ಕೇಳಿದೀರಲ್ಲ, ಲೆಕ್ಕ ಸರಿ ಇದೆ ಆದ್ರೆ ಅಳತೆಗೋಲು ತಪ್ಪು. ಕನ್ವರ್ಟರ್ ತಗೊಳ್ಳೋದು ಈಗಿನ ಚೀನಾದ ಚಿ, ಅಂದ್ರೆ ಒಂದು ಮೀಟರಿನ ಮೂರನೇ ಒಂದು ಭಾಗ, 33.3 ಸೆಂಟಿಮೀಟರ್, ಅದು ಫಿಕ್ಸ್ ಆಗಿದ್ದು ಸುಮಾರು 1930ರಲ್ಲಿ. ಝುಗೆ ಲಿಯಾಂಗ್ ಬದುಕಿದ್ದು 181ರಿಂದ 234ರವರೆಗೆ, ಹಾನ್ ರಾಜವಂಶದ ಕಾಲದ ಚಿ ಸುಮಾರು 23.1 ಸೆಂಟಿಮೀಟರ್ ಅಷ್ಟೇ, ಹಾಗಾಗಿ 8ರಿಂದ ಗುಣಿಸಿದ್ರೆ 185 ಸೆಂಟಿಮೀಟರ್ ಹತ್ರ ಬರುತ್ತೆ, ಎತ್ತರದ ಆಳು ಹೌದು, ಆದ್ರೆ ನಂಬೋ ಹಾಗಿದೆ ನೋಡಿ.

10 ಚುನ್‌ಗೆ ಒಂದು ಚಿ, 10 ಚಿಗೆ ಒಂದು ಝಾಂಗ್, ಇದ್ರಲ್ಲಿ ಗೊಂದಲ ಇಲ್ಲ. ತಲೆನೋವು ಇರೋದು ದೂರ ಅಳೆಯೋ ಲೀ ಹತ್ರ. ಈಗ 1 ಲೀ ಅಂದ್ರೆ 1500 ಚಿ, ಸರಿಯಾಗಿ 500 ಮೀಟರ್. ಹಾನ್ ಕಾಲದಲ್ಲಿ 300 ಬು ಸೇರಿದ್ರೆ ಒಂದು ಲೀ, ಒಂದು ಬುಗೆ 6 ಚಿ, ಅಂದ್ರೆ 1800 ಚಿ, ಅದನ್ನ 23.1ರಿಂದ ಗುಣಿಸಿದ್ರೆ ಸುಮಾರು 416 ಮೀಟರ್. ಸಾವಿರ ಲೀ ದಾರಿಗೆ 80 ಕಿಲೋಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಬೀಳುತ್ತೆ, ಮ್ಯಾಪ್ ಹಾಕೋರಿಗೆ ಇದು ಸಣ್ಣದಲ್ಲ.

ಕಾಲ ಮಾತ್ರ ಅಲ್ಲ, ಊರೂ ನೋಡ್ಬೇಕು. ಹಾಂಗ್‌ಕಾಂಗ್ ಕಾನೂನಿನ ಪ್ರಕಾರ ಚಿ 37.1475 ಸೆಂಟಿಮೀಟರ್, ತೈವಾನಲ್ಲಿ ಜಪಾನಿನ ಅಳತೆ ಉಳಿದುಕೊಂಡಿರೋದ್ರಿಂದ 30.3. ಅದಕ್ಕೇ ಮೊದ್ಲು ಯಾವ ಕಾಲ, ಯಾವ ಊರು ಅಂತ ಬರ್ಕೊಳಿ, ಆಮೇಲೆ ಗುಣಾಕಾರ ಕೈಯಲ್ಲೇ ಮಾಡಿ.