ಅಮೆರಿಕದ ಸಾಲ 38 ಟ್ರಿಲಿಯನ್ ಡಾಲರ್ ದಾಟಿದೆಯಂತೆ, ಹಾಗಾದ್ರೆ ಆ ದೇಶ ದಿವಾಳಿ ಆಗುತ್ತಾ? ಖರ್ಚು ಯಾಕೆ ಕಡಿಮೆ ಮಾಡಲ್ಲ? ಸೂಪರ್ ಪವರ್ ಪಟ್ಟ ಹೋಗುತ್ತಾ?

ದಿವಾಳಿ ಆಗಲ್ಲ. ಅಂದ್ರೆ ನಮ್ಮ ದೇಶ 1991ರಲ್ಲಿ ಸಿಕ್ಕಾಕೊಂಡಿತ್ತಲ್ಲ, ಆ ಥರ ಸಿಕ್ಕಾಕೊಳ್ಳಲ್ಲ. ಆಗ ನಮ್ಮ ಹತ್ರ ಎರಡು ಮೂರು ವಾರದ ಆಮದಿಗೆ ಸಾಲುವಷ್ಟೇ ಡಾಲರ್ ಉಳಿದಿತ್ತು, ಸುಮಾರು 47 ಟನ್ ಚಿನ್ನ ಹೊರದೇಶಕ್ಕೆ ಕಳಿಸಿ ಅಡ ಇಟ್ಟು ಸಾಲ ತರಬೇಕಾಯ್ತು, ಯಾಕಂದ್ರೆ ನಾವು ಕೊಡಬೇಕಿದ್ದಿದ್ದು ಡಾಲರ್, ಅದನ್ನ ನಾವು ಪ್ರಿಂಟ್ ಮಾಡೋಕಾಗಲ್ಲ. ಅಮೆರಿಕ ಸಾಲ ಮಾಡೋದೂ ಡಾಲರಲ್ಲೇ ತೀರಿಸೋದೂ ಡಾಲರಲ್ಲೇ. ಇನ್ನೊಂದು ವಿಷಯ, ಈ ಸಾಲ ಎಲ್ಲಾ ಚೀನಾ ಕೊಟ್ಟಿದ್ದು ಅಂತ ತುಂಬಾ ಜನ ನಂಬಿದಾರೆ, ಹಾಗಿಲ್ಲ. ಬಹುಪಾಲು ಕೊಟ್ಟಿರೋದು ಅಮೆರಿಕದವರೇ, ಪೆನ್ಶನ್ ಫಂಡು, ಬ್ಯಾಂಕು, ಅಲ್ಲಿನ ಸೆಂಟ್ರಲ್ ಬ್ಯಾಂಕು, ಸರ್ಕಾರದ್ದೇ ಟ್ರಸ್ಟ್ ಫಂಡು. ಹೊರದೇಶಗಳಲ್ಲಿ ಮೊದಲ ಸ್ಥಾನ ಜಪಾನಿಂದು, ಚೀನಾ ಹತ್ತು ವರ್ಷದಿಂದ ಕಡಿಮೆ ಮಾಡ್ತಾನೇ ಬಂದಿದೆ.

ಆದ್ರೆ ದಿವಾಳಿ ಆಗಲ್ಲ ಅಂದ್ರೆ ತೊಂದ್ರೆ ಇಲ್ಲ ಅಂತ ಅಲ್ಲ. ನಾನು 2008ರಿಂದ ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ ಇದೀನಿ, ಇಲ್ಲೇ ಟ್ಯಾಕ್ಸ್ ಕಟ್ತೀನಿ, ನನ್ನ ಮಕ್ಕಳು ಇಲ್ಲೇ ದೊಡ್ಡವರಾಗ್ತಿದಾರೆ, ಹಾಗಾಗಿ ಈ ಲೆಕ್ಕ ನಂಗೆ ನಮ್ಮ ಮನೆ ಲೆಕ್ಕನೇ.

ನಮ್ಮ ಭಾಷೇಲಿ ಹೇಳೋದಾದ್ರೆ ಒಂದು ಟ್ರಿಲಿಯನ್ ಅಂದ್ರೆ ಒಂದು ಲಕ್ಷ ಕೋಟಿ. 2024ರ ಆರ್ಥಿಕ ವರ್ಷದಲ್ಲಿ ಫೆಡರಲ್ ಸರ್ಕಾರಕ್ಕೆ, ಅಂದ್ರೆ ಇಲ್ಲಿನ ಕೇಂದ್ರ ಸರ್ಕಾರಕ್ಕೆ, ಬಂದಿದ್ದು ಸುಮಾರು 4.9 ಲಕ್ಷ ಕೋಟಿ ಡಾಲರ್, ಖರ್ಚಾಗಿದ್ದು ಸುಮಾರು 6.75 ಲಕ್ಷ ಕೋಟಿ, ಮಿಕ್ಕಿದ್ದು ಸಾಲ. ಆ ವರ್ಷ ಬರೀ ಬಡ್ಡಿಗೇ ಸುಮಾರು 88 ಸಾವಿರ ಕೋಟಿ ಡಾಲರ್ ಹೋಯ್ತು, ಅಂದ್ರೆ ಇಡೀ ಸೈನ್ಯಕ್ಕೆ ಖರ್ಚಾಗಿದ್ದಕ್ಕಿಂತ ಜಾಸ್ತಿ. ನನ್ನ ಪ್ರಕಾರ ನೀವು ಭಯ ಪಡಬೇಕಾದ್ರೆ 38 ಟ್ರಿಲಿಯನ್ ನೋಡಿ ಅಲ್ಲ, ಇದನ್ನ ನೋಡಿ. 2020–21ರ ಹೊತ್ತಿಗೆ ಬಡ್ಡಿ ದರ ಸೊನ್ನೆ ಹತ್ರ ಇತ್ತು, ಕೋವಿಡ್ ಟೈಮಲ್ಲಿ ಟ್ರಂಪ್ ಸರ್ಕಾರ ಒಂದು 2.2 ಲಕ್ಷ ಕೋಟಿ ಪ್ಯಾಕೇಜು, ಬೈಡನ್ ಸರ್ಕಾರ ಇನ್ನೊಂದು 1.9 ಲಕ್ಷ ಕೋಟಿ ಪ್ಯಾಕೇಜು ಕೊಟ್ಟಾಗ ಯಾರಿಗೂ ಭಾರ ಅನ್ನಿಸಲಿಲ್ಲ. 2022ರ ಜೂನಲ್ಲಿ ಹಣದುಬ್ಬರ 9.1 ಪರ್ಸೆಂಟ್ ಮುಟ್ಟಿತು, ಇಲ್ಲಿನ ಸೆಂಟ್ರಲ್ ಬ್ಯಾಂಕ್ ಆದ ಫೆಡ್ ಬಡ್ಡಿ ದರ ಏರಿಸ್ತಾ ಏರಿಸ್ತಾ 2023ಕ್ಕೆ 5.5ರ ತನಕ ತಂತು, ಹಳೇ ಬಾಂಡುಗಳ (ಸರ್ಕಾರ ಸಾಲ ತಗೊಂಡಿದ್ದಕ್ಕೆ ಕೊಡೋ ಪತ್ರ) ಅವಧಿ ಮುಗಿದ ಹಾಗೆಲ್ಲ ಅದೇ ಸಾಲವನ್ನ ದುಬಾರಿ ಬಡ್ಡಿಗೆ ಹೊಸದಾಗಿ ಮಾಡಬೇಕಾಯ್ತು.

ಇನ್ನು ಖರ್ಚು ಯಾಕೆ ಕಡಿಮೆ ಮಾಡಲ್ಲ ಅಂದ್ರಿ. ಸೋಷಿಯಲ್ ಸೆಕ್ಯುರಿಟಿ ಅನ್ನೋ ಪಿಂಚಣಿ, ಮುದುಕರಿಗೆ ಮೆಡಿಕೇರ್, ಬಡವರಿಗೆ ಮೆಡಿಕೇಡ್, ಸೈನ್ಯ, ಬಡ್ಡಿ, ಈ ಐದಕ್ಕೇ ಹತ್ತರಲ್ಲಿ ಏಳು ಪಾಲು ಹೋಗುತ್ತೆ. ಬಡ್ಡಿ ನಿಲ್ಲಿಸೋಕಾಗಲ್ಲ, ಪಿಂಚಣಿ ಮುಟ್ಟಿದ್ರೆ ಓಟು ಹೋಗುತ್ತೆ. ಹಾಗಾಗಿ ರಾಜಕಾರಣಿಗಳು ಕೈ ಹಾಕೋದು ಚಿಕ್ಕ ಪುಟ್ಟದಕ್ಕೆ. ವಿದೇಶಿ ನೆರವು ಇಡೀ ಬಜೆಟ್‌ನಲ್ಲಿ ಸುಮಾರು ಒಂದು ಪರ್ಸೆಂಟು ಇದ್ದಿದ್ದು, 2025ರಲ್ಲಿ ಅದನ್ನ ಹಂಚ್ತಿದ್ದ ಯುಎಸ್‌ಏಡ್ ಸಂಸ್ಥೆಯನ್ನೇ ಮುಚ್ಚಿದ್ರು, ಆಫ್ರಿಕಾದಲ್ಲಿ ಎಚ್‌ಐವಿ ಮಾತ್ರೆ ಹಂಚ್ತಿದ್ದ ಕ್ಲಿನಿಕ್‌ಗಳಿಗೆ ಪೆಟ್ಟು ಬಿತ್ತು, ಸಾಲದ ಲೆಕ್ಕದಲ್ಲಿ ಹೇಳಿಕೊಳ್ಳೋ ಅಂಥ ವ್ಯತ್ಯಾಸ ಏನೂ ಆಗಲಿಲ್ಲ. ಉದ್ಯಮಿ ಎಲಾನ್ ಮಸ್ಕ್ ಸರ್ಕಾರದ ಖರ್ಚಲ್ಲಿ 2 ಟ್ರಿಲಿಯನ್ ಉಳಿಸ್ತೀನಿ ಅಂತ ಬಂದ್ರು, ಆಮೇಲೆ ಗುರಿನೇ ಇಳಿಸಿಕೊಂಡ್ರು. ಅದೇ ವರ್ಷ ಜುಲೈ 4ಕ್ಕೆ ಸಹಿ ಆದ ದೊಡ್ಡ ತೆರಿಗೆ ಕಾನೂನಿಂದ ಹತ್ತು ವರ್ಷದಲ್ಲಿ ಕೊರತೆ 3.4 ಲಕ್ಷ ಕೋಟಿ ಹೆಚ್ಚಾಗುತ್ತೆ ಅಂತ ಸಂಸತ್ತಿನದೇ ಬಜೆಟ್ ಕಚೇರಿ ಅಂದಾಜು ಹಾಕಿತ್ತು.

ಇದು ಒಂದೇ ಪಕ್ಷದ ತಪ್ಪಲ್ಲ. 1998ರಿಂದ 2001ರ ತನಕ ನಾಲ್ಕು ವರ್ಷ ಬಜೆಟ್‌ನಲ್ಲಿ ದುಡ್ಡು ಮಿಕ್ಕಿತ್ತು, ನಂಬ್ತೀರಾ? ಆಮೇಲೆ ಬುಷ್ ತೆರಿಗೆ ಕಡಿತ, ಎರಡು ಯುದ್ಧ, 2008ರ ಆರ್ಥಿಕ ಕುಸಿತ, 2017ರಲ್ಲಿ ಕಂಪನಿ ತೆರಿಗೆ 35ರಿಂದ 21ಕ್ಕೆ ಇಳಿಸಿದ್ದು, ಕೋವಿಡ್. ಕೊಡೋವಾಗ ಇಬ್ಬರೂ ಧಾರಾಳ, ವಸೂಲಿ ಮಾಡೋವಾಗ ಇಬ್ಬರೂ ಹಿಂದೆ. ಈ ಬಜೆಟ್ ಜಗಳದ ಬಿಸಿ ತಟ್ಟೋದು ಮಾತ್ರ ಕೆಲಸ ಮಾಡೋರಿಗೆ. 2025ರ ಅಕ್ಟೋಬರ್ 1ರಿಂದ ಖರ್ಚಿಗೆ ಸಂಸತ್ತಿನ ಒಪ್ಪಿಗೆ ಸಿಗದೆ 43 ದಿನ ಸರ್ಕಾರ ಬಂದ್ ಆಗಿತ್ತಲ್ಲ, ನಮ್ಮ ಪಕ್ಕದ ಮನೆಯಾಕೆ ಫೆಡರಲ್ ನೌಕರರು, ಸಂಬಳ ಇಲ್ಲದೆ ಮನೆ ಸಾಲದ ಕಂತಿಗೆ ತಮ್ಮನ ಹತ್ರ ಕೈಸಾಲ ತಗೊಂಡ್ರು. ಇಪ್ಪತ್ತು ವರ್ಷ ಸರ್ವೀಸ್ ಆದವರು. ಅವತ್ತು ನಮ್ಮ ಅಡುಗೆಮನೇಲಿ ಕೂತು ಅದನ್ನ ಹೇಳುವಾಗ ಅವರ ಮುಖ ನೋಡೋಕೆ ಆಗ್ತಿರಲಿಲ್ಲ.

ಈಗ ಸೂಪರ್ ಪವರ್ ಪ್ರಶ್ನೆ. ಸಾಲ ಮಾತ್ರ ಇಟ್ಕೊಂಡು ಇದನ್ನ ತೀರ್ಮಾನ ಮಾಡೋಕಾಗಲ್ಲ, ನಂಬಿಕೆ ಮುಖ್ಯ. 1956ರಲ್ಲಿ ಬ್ರಿಟನ್ ಸೂಯೆಜ್ ಕಾಲುವೆಗಾಗಿ ಈಜಿಪ್ಟ್ ಮೇಲೆ ಹೋದಾಗ ಪೌಂಡ್ ಕುಸೀತಿತ್ತು, ಅಮೆರಿಕ ಸಹಾಯ ಮಾಡಲ್ಲ ಅಂತು, ಸೈನ್ಯ ವಾಪಸ್ ಕರೆಸಬೇಕಾಯ್ತು. ಬಂದೂಕು ಇತ್ತು, ಆದ್ರೆ ದುಡ್ಡಿನ ಜುಟ್ಟು ಬೇರೆಯವರ ಕೈಲಿತ್ತು. ಅಮೆರಿಕಕ್ಕೆ ಆ ಸ್ಥಿತಿ ಬಂದಿಲ್ಲ, ಆದ್ರೆ 2025ರ ಏಪ್ರಿಲ್ ನನಗೆ ಮರೆಯೋಕಾಗಲ್ಲ. ಸಾಮಾನ್ಯವಾಗಿ ಜಗತ್ತಲ್ಲಿ ಏನೇ ಗಾಬರಿ ಆದ್ರೂ ಜನ ಓಡಿ ಬಂದು ಅಮೆರಿಕದ ಬಾಂಡೇ ಕೊಳ್ಳೋದು, 2008ರಲ್ಲಿ ಬೆಂಕಿ ಬಿದ್ದಿದ್ದೇ ಇಲ್ಲಿ ಆದ್ರೂ ಎಲ್ಲರೂ ಇಲ್ಲಿಗೇ ಬಂದ್ರು. ಏಪ್ರಿಲ್ 2ಕ್ಕೆ ಟ್ರಂಪ್ ಬಹುತೇಕ ಎಲ್ಲಾ ದೇಶಗಳ ಮೇಲೆ ಸುಂಕ ಹೇಳಿದ ಮೇಲೆ ಶೇರು, ಬಾಂಡು, ಡಾಲರ್ ಮೂರೂ ಒಟ್ಟಿಗೆ ಬಿದ್ದವು. ಬಾಂಡಿನ ಬೆಲೆ ಬಿದ್ರೆ ಅದರ ಬಡ್ಡಿ ಏರುತ್ತೆ, ಹಾಗೆ ಹತ್ತು ವರ್ಷದ ಬಾಂಡಿನ ಬಡ್ಡಿ ಒಂದು ವಾರದಲ್ಲಿ ಸುಮಾರು 4ರಿಂದ 4.5ಕ್ಕೆ ಹೋಯ್ತು, 9ನೇ ತಾರೀಖು ಚೀನಾ ಬಿಟ್ಟು ಉಳಿದ ದೇಶಗಳ ಹೆಚ್ಚುವರಿ ಸುಂಕಕ್ಕೆ 90 ದಿನ ತಡೆ ಹಾಕಿದ್ರು. ವಿರೋಧ ಪಕ್ಷ, ಮಿತ್ರ ದೇಶಗಳು ಯಾರ ಮಾತಿಗೂ ಬಗ್ಗದವರು ಬಾಂಡ್ ಮಾರ್ಕೆಟ್‌ಗೆ ಬಗ್ಗಿದ್ರು. ಮೇ ತಿಂಗಳಲ್ಲಿ ಸಾಲ ತೀರಿಸೋ ಯೋಗ್ಯತೆಗೆ ರೇಟಿಂಗ್ ಕೊಡೋ ಮೂಡೀಸ್ ಸಂಸ್ಥೆ ಕೂಡ ಅಮೆರಿಕದ ರೇಟಿಂಗ್ ಇಳಿಸಿತು, ಅಂಥದೇ ಸಂಸ್ಥೆಗಳಾದ ಎಸ್ ಅಂಡ್ ಪಿ 2011ರಲ್ಲೇ, ಫಿಚ್ 2023ರಲ್ಲಿ ಇಳಿಸಿದ್ವು.

ಹಾಗಂತ ಡಾಲರ್ ಕಥೆ ಮುಗೀತು ಅನ್ನೋ ವೀಡಿಯೋಗಳನ್ನ ನಂಬಬೇಡಿ. ಜಗತ್ತಿನ ಸೆಂಟ್ರಲ್ ಬ್ಯಾಂಕ್‌ಗಳ ಮೀಸಲಲ್ಲಿ ಡಾಲರ್ ಪಾಲು 1999ರಲ್ಲಿ 71 ಪರ್ಸೆಂಟ್ ಇತ್ತು, 2024ರ ಹೊತ್ತಿಗೆ 58ರ ಆಸುಪಾಸು. ಇಳೀತಿದೆ, ಆದ್ರೆ ನಿಧಾನ. ಚೀನಾದ ಯುವಾನ್ ಅಲ್ಲಿಂದ ಬೇಕಾದಾಗ ಹೊರಗೆ ತರೋಕಾಗಲ್ಲ, ಯೂರೋ ಹಿಂದೆ ಒಂದೇ ಖಜಾನೆ ಇಲ್ಲ. ಬೇರೆ ಜಾಗ ಇಲ್ಲ ಅಂತ ಜನ ಇಲ್ಲಿದಾರೆ, ಮೊದಲಿನ ಥರ ಇಷ್ಟಪಟ್ಟು ಅಲ್ಲ, ಅದು ನನಗೆ ನೋವು ಕೊಡೋ ವಿಷಯ. 2025ರ ಆಗಸ್ಟಲ್ಲಿ ಭಾರತದ ಸರಕಿಗೆ 50 ಪರ್ಸೆಂಟ್ ಸುಂಕ ಹಾಕಿದ್ರು, ಸೆಪ್ಟೆಂಬರಲ್ಲಿ ಇಲ್ಲಿ ಕೆಲಸ ಮಾಡೋಕೆ ಬೇಕಾದ ಎಚ್-1ಬಿ ವೀಸಾದ ಹೊಸ ಅರ್ಜಿಗೆ 1 ಲಕ್ಷ ಡಾಲರ್ ಫೀಸು ಇಟ್ರು. ಬೆಂಗಳೂರಲ್ಲಿ ಇಂಜಿನಿಯರಿಂಗ್ ಮುಗಿಸ್ತಿರೋ ನನ್ನ ಅಕ್ಕನ ಮಗ ಈಗ ಜರ್ಮನಿಗೆ ಅರ್ಜಿ ಹಾಕಿದಾನೆ, ಅಮೆರಿಕಕ್ಕೆ ಯಾಕೆ ಬೇಡ ಅಂತ ಕೇಳಿದ್ರೆ ಅಲ್ಲಿ ನಾಳೆ ರೂಲ್ ಏನಿರುತ್ತೋ ಗೊತ್ತಿಲ್ಲ ಮಾಮ ಅಂದ.