ಹಳೇ ವೆಸ್ಟೋನ್ ಗಿಟಾರ್ ತರಿಸಬಹುದಾ? ಉತ್ತರ ಸ್ವಲ್ಪ ಉದ್ದ ಆಯ್ತು

ಇಂಗ್ಲೆಂಡಿನಲ್ಲಿರುವ ನಿಮ್ಮ ಭಾವನ ಕಣ್ಣಿಗೆ ಹಳೇ ವೆಸ್ಟೋನ್ ಥಂಡರ್ ಒನ್-ಎ ಎಲೆಕ್ಟ್ರಿಕ್ ಗಿಟಾರ್ ಬಿದ್ದಿದೆ, ಬೆಲೆ ಕಡಿಮೆ, ಆದರೆ ಕಂಪನಿ ಹೆಸರೇ ಕೇಳಿಲ್ಲ, ತರಿಸಲಾ ಬೇಡವಾ ಅಂತ ಕೇಳಿದ್ದೀರಿ. ಮೇಲೆ ಒಬ್ಬರು "ಮುಚ್ಚಿಹೋದ ಬ್ರ್ಯಾಂಡು, ದುಡ್ಡು ಸುರಿಯಬೇಡಿ" ಅಂದಿದ್ದಾರೆ. ನನ್ನ ತಕರಾರು ಅಲ್ಲೇ ಶುರು. ಹದಿನೈದು ವರ್ಷದಿಂದ ಇದೇ ಮಾಡೆಲ್ ನುಡಿಸುತ್ತಿದ್ದೇನೆ. ಹಾಗಾಗಿ ಪಕ್ಷಪಾತ ಇದೆ, ಮೊದಲೇ ಹೇಳಿಬಿಡುತ್ತೇನೆ.

ವೆಸ್ಟೋನ್ ಅನ್ನುವುದು ಗಿಟಾರಿನ ತಲೆಯ ಮೇಲೆ ಬರೆದ ಹೆಸರು ಅಷ್ಟೇ. ಮಾಡಿದವರು ಮಾತ್ಸುಮೊಕು. ಜಪಾನಿನ ನಗಾನೋ ಪ್ರಾಂತ್ಯದ ಮಾತ್ಸುಮೊಟೊ ಊರಿನ ಮರಗೆಲಸದ ಕಾರ್ಖಾನೆ, 1951ರಲ್ಲಿ ಶುರುವಾದದ್ದು. ಸುತ್ತ ಬೆಟ್ಟ, ಮರದ ಪೀಠೋಪಕರಣಕ್ಕೆ ಮೊದಲಿನಿಂದಲೂ ಹೆಸರು. ಮಕ್ಕಳಿಗೆ ಪಿಟೀಲು ಕಲಿಸುವ ಸುಝುಕಿ ಪದ್ಧತಿ ಕೇಳಿರಬೇಕಲ್ವಾ, ಅದರ ಶಾಲೆ ಇರುವುದೂ ಇದೇ ಊರಿನಲ್ಲಿ. ಮಾತ್ಸುಮೊಕು ಗಿಟಾರಿಗಿಂತ ಮೊದಲು ಮಾಡುತ್ತಿದ್ದದ್ದು ಸಿಂಗರ್ ಹೊಲಿಗೆ ಯಂತ್ರದ ಮರದ ಪೆಟ್ಟಿಗೆ! ನಮ್ಮ ಅಜ್ಜಿಯ ಹೊಲಿಗೆ ಮಿಷನ್ ನೆನಪಿಸಿಕೊಳ್ಳಿ. ಆ ತರಹದ ಮುಚ್ಚಳ, ಕೀಲು, ಪಾಲಿಶ್ ಸಾವಿರಗಟ್ಟಲೆ ಮಾಡಿ ಪಳಗಿದ ಕೈಗಳು ಆಮೇಲೆ ಗಿಟಾರಿಗೆ ಬಂದವು. ಒಂದರ ಹಾಗೆ ಇನ್ನೊಂದು ಬರಬೇಕು ಅನ್ನುವ ಶಿಸ್ತು ಅಲ್ಲಿಂದಲೇ ಬಂದದ್ದು ಅಂತ ನನ್ನ ನಂಬಿಕೆ.

ಇದೇ ಕಾರ್ಖಾನೆ ಬೇರೆಯವರ ಹೆಸರಿನಲ್ಲೂ ಮಾಡಿಕೊಡುತ್ತಿತ್ತು. ಅರಿಯಾ ಪ್ರೋ ಟೂ, ಎಲೆಕ್ಟ್ರಾ, ವ್ಯಾಂಟೇಜ್, ಎಪ್ಪತ್ತರ ದಶಕದ ಎಪಿಫೋನ್, ಎಲ್ಲ ಇಲ್ಲಿಂದಲೇ. ಡ್ಯುರಾನ್ ಡ್ಯುರಾನ್‌ನ ಜಾನ್ ಟೇಲರ್, ಮೆಟಾಲಿಕಾದ ಕ್ಲಿಫ್ ಬರ್ಟನ್ ನುಡಿಸಿದ, ತಗ್ಗು ಸ್ವರದ ಗಿಟಾರಾದ ಅರಿಯಾ ಬೇಸ್‌ಗಳೂ ಇಲ್ಲಿಯವೇ. ಒಬ್ಬರದು ಪಾಪ್, ಇನ್ನೊಬ್ಬರದು ಮೆಟಲ್, ಗಿಟಾರಿನ ತವರು ಒಂದೇ. ಹಾಗಾಗಿ "ಹೆಸರಿಲ್ಲದ ಗಿಟಾರ್" ಅನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. ಹೆಸರು ಬಿಡಿ, ಯಾವ ಕಾರ್ಖಾನೆಯದು ಅಂತ ಕೇಳಿ.

ವೆಸ್ಟೋನ್ ಹೆಸರು ಓಡಿದ್ದು ಎಂಬತ್ತರ ದಶಕದಲ್ಲಿ. ಅಮೆರಿಕದಲ್ಲಿ 1984ರಲ್ಲಿ ಎಲೆಕ್ಟ್ರಾ-ವೆಸ್ಟೋನ್ ಅಂತ ಜೋಡಿ ಹೆಸರು ಇಟ್ಟು, ಮರುವರ್ಷ ಎಲೆಕ್ಟ್ರಾ ಕಿತ್ತುಹಾಕಿದರು. ಎಪ್ಪತ್ತರ ದಶಕದಲ್ಲಿ ಜಪಾನಿನ ಬಹಳ ಕಂಪನಿಗಳು ಅಮೆರಿಕದ ಗಿಬ್ಸನ್, ಫೆಂಡರ್ ಗಿಟಾರುಗಳ ನಕಲು ಮಾಡಿಯೇ ಹೊಟ್ಟೆ ಹೊರೆದದ್ದು. ಇವರು ಸ್ವಂತ ಆಕಾರ ಹುಡುಕಿದರು, ಕೆಲವೊಮ್ಮೆ ಅತಿಯಾಗಿಯೇ ಹುಡುಕಿದರು. ರೈಲ್ ಅಂತ ಒಂದು ಬೇಸ್ ಇದೆ. ಅದಕ್ಕೆ ತಲೆಯೇ ಇಲ್ಲ. ಒಡಲು ಎರಡು ತುಂಡು, ನಡುವೆ ಎರಡು ಲೋಹದ ಸರಳು, ಆ ಸರಳಿನ ಮೇಲೆ ಪಿಕಪ್ (ತಂತಿಯ ಕಂಪನ ಹಿಡಿಯುವ ಅಯಸ್ಕಾಂತದ ತುಂಡು) ಹಿಂದೆ ಮುಂದೆ ಜಾರುತ್ತದೆ. ನೋಡಿದರೆ ಸೈಕಲ್ ಪಂಪ್ ಬಿಚ್ಚಿಟ್ಟ ಹಾಗೆ. ಆದರೂ ನನಗೆ ಅದು ಬೇಕು! ಪಡೌಕ್ ಅಂತ ಇನ್ನೊಂದು ಸರಣಿ. ಆ ಹೆಸರಿನ ಮರ ನಮ್ಮ ಮಲೆನಾಡಿನ ಹೊನ್ನೆ, ರಕ್ತಚಂದನದ ಕುಲದ್ದೇ.

1987ರಲ್ಲಿ ಮಾತ್ಸುಮೊಕು ಬಾಗಿಲು ಹಾಕಿತು. ಯೆನ್ ಬೆಲೆ ಏರಿ ಜಪಾನಿನ ರಫ್ತು ತುಟ್ಟಿಯಾಗಿದ್ದ ಕಾಲ ಅದು. ವೆಸ್ಟೋನ್ ಹೆಸರು ಕೊರಿಯಾಕ್ಕೆ ಹೋಗಿ ಇನ್ನು ಕೆಲವು ವರ್ಷ ಉಸಿರಾಡಿ ನಿಂತಿತು. ನಿಮಗೆ ಮುಖ್ಯವಾದದ್ದು ಇದೇ. ಕೊರಿಯಾದವು ಕೆಟ್ಟವಲ್ಲ, ಆದರೆ ನಾನು ಹೊಗಳುತ್ತಿರುವುದು ಅವನ್ನಲ್ಲ. ಭಾವನಿಗೆ ಹೇಳಿ ಸೀರಿಯಲ್ ನಂಬರ್ ಫೋಟೋ ತೆಗೆಸಿ. ಜಪಾನಿನದಾದರೆ ಸಾಮಾನ್ಯವಾಗಿ ಮೊದಲ ಅಂಕಿ ವರ್ಷದ ಕೊನೆಯ ಅಂಕಿ. 3 ಇದ್ದರೆ 1983. "ಮೇಡ್ ಇನ್ ಜಪಾನ್" ಬರಹ ಎಲ್ಲಾದರೂ ಇದೆಯಾ ಅಂತಲೂ ನೋಡಲಿ.

ಇನ್ನು ಪರೀಕ್ಷೆ. ಕುತ್ತಿಗೆಯಿಂದ ಶುರು ಮಾಡಿ, ಅದು ಕೆಟ್ಟಿದ್ದರೆ ಮಿಕ್ಕಿದ್ದು ನೋಡುವುದೇ ಬೇಡ. ಕುತ್ತಿಗೆಯ ಮೇಲೆ ಅಡ್ಡಲಾಗಿರುವ ಲೋಹದ ಪಟ್ಟಿಗಳೇ ಫ್ರೆಟ್. ಎಲ್ಲಕ್ಕಿಂತ ದಪ್ಪದ ಆರನೇ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ಕೊನೆಯ ಫ್ರೆಟ್‌ನಲ್ಲೂ ಒಟ್ಟಿಗೆ ಒತ್ತಿ ಹಿಡಿಯಲಿ. ಏಳನೇ ಫ್ರೆಟ್ ಹತ್ತಿರ ತಂತಿಯ ಕೆಳಗೆ 0.2ರಿಂದ 0.3 ಮಿ.ಮೀ. ಸಂದು ಇದ್ದರೆ ಸರಿ. ಜಾಸ್ತಿ ಬಾಗಿದ್ದರೆ ಟ್ರಸ್ ರಾಡ್ (ಕುತ್ತಿಗೆಯ ಬಾಗು ಸರಿಪಡಿಸುವ ಒಳಗಿನ ಸರಳು) ಕಾಲು ಸುತ್ತು ತಿರುಗಿಸಿ ನೋಡಲು ಮಾರುವವರು ಒಪ್ಪುತ್ತಾರಾ ಕೇಳಿ. ರಾಡ್ ತಿರುಗದೇ ಬಿಗಿದು ಕೂತಿದ್ದರೆ ಸುಮ್ನೆ ವಾಪಸ್ ಬನ್ನಿ. ಮೊದಲ ಮೂರು ನಾಲ್ಕು ಫ್ರೆಟ್‌ಗಳಲ್ಲಿ ತಂತಿ ಕೊರೆದ ಗುಂಡಿ ಎಷ್ಟಿದೆ ಅಂತ ಹತ್ತಿರದ ಫೋಟೋ ಬೇಕು. ಫ್ರೆಟ್ ಎಲ್ಲ ಬದಲಿಸಬೇಕಾದರೆ "ಕಡಿಮೆ ಬೆಲೆ" ಅಲ್ಲೇ ಮುಗಿಯಿತು.

ಒನ್-ಎ ಅಂದರೆ ಅದರಲ್ಲಿ ಆಕ್ಟಿವ್ ಸರ್ಕ್ಯೂಟ್ (ಬ್ಯಾಟರಿಯಿಂದ ದನಿ ತಿದ್ದುವ ಸರ್ಕ್ಯೂಟ್) ಇದೆ, 9 ವೋಲ್ಟ್ ಬ್ಯಾಟರಿ ಬೇಕು. ಹಿಂದಿನ ಮುಚ್ಚಳ ತೆಗೆದು ಫೋಟೋ ಕಳಿಸಲಿ. ನನ್ನದರಲ್ಲಿ ನಾನೇ ಬ್ಯಾಟರಿ ಮರೆತು ಎರಡು ವರ್ಷ ಮೂಲೆಗಿಟ್ಟೆ. ಅದು ಸೋರಿ ಕ್ಲಿಪ್ಪೆಲ್ಲ ಹಸಿರು ಹಸಿರು. ಪುಣ್ಯಕ್ಕೆ ವೈರು ಮಾತ್ರ ಹೋಯಿತು. ಇನ್ನೊಂದು ವಿಷಯ: ಜಾಕ್‌ನಲ್ಲಿ ಕೇಬಲ್ ಚುಚ್ಚಿಟ್ಟರೆ ಬ್ಯಾಟರಿ ಖಾಲಿಯಾಗುತ್ತಲೇ ಇರುತ್ತದೆ. ನುಡಿಸಿ ಮುಗಿದ ಕೂಡಲೇ ಕಿತ್ತಿಡಿ.

ಸಣ್ಣ ಸಣ್ಣ ಸ್ವಿಚ್‌ಗಳು ಕರ್ ಕರ್ ಅನ್ನುತ್ತವೆ, ಹೆದರಬೇಡಿ. ನಲವತ್ತು ವರ್ಷದ ಧೂಳು. ಎಲೆಕ್ಟ್ರಾನಿಕ್ಸ್ ಅಂಗಡಿಯ ಕಾಂಟ್ಯಾಕ್ಟ್ ಕ್ಲೀನರ್ ಒಂದು ಚಿಮುಕು ಹೊಡೆದು, ಇಪ್ಪತ್ತು ಸಲ ಆಡಿಸಿ. ತುಕ್ಕು ಬಿಡಿಸುವ ಎಣ್ಣೆ ಹಾಕಬೇಡಿ, ಅದು ಧೂಳನ್ನು ಇನ್ನಷ್ಟು ಅಂಟಿಸಿಕೊಳ್ಳುತ್ತದೆ. ಪಾಟ್ (ದನಿ ಏರಿಳಿಸುವ ಗುಂಡಿಯ ಒಳಭಾಗ) ಸತ್ತೇಹೋಗಿದ್ದರೆ ಜಪಾನಿ ಅಳತೆಯ ಸಣ್ಣ ಪಾಟ್ ಹುಡುಕಿ. ಅಮೆರಿಕದ ಪಾಟ್‌ಗೆ ಸುಮಾರು 9.5 ಮಿ.ಮೀ. ತೂತು ಬೇಕು, ಹಳೇ ತೂತಿಗೆ ಅದು ಹೋಗುವುದಿಲ್ಲ. ನನ್ನದನ್ನು ಒಬ್ಬ ರಿಪೇರಿಯವರು ಕೇಳದೇ ಡ್ರಿಲ್ ಮಾಡಿ ಅಗಲ ಮಾಡಿಬಿಟ್ಟರು. ಈಗಲೂ ಆ ಗುಂಡಿ ತಿರುಗಿಸುವಾಗ ಹೊಟ್ಟೆ ಉರಿಯುತ್ತದೆ. ಹಳೇ ಪಿಕಪ್ ಮಾತ್ರ ಯಾರು ಹೇಳಿದರೂ ಬದಲಿಸಬೇಡಿ. ಅದೇ ಅದರ ದನಿ.

ವಿಮಾನದಲ್ಲಿ ತರುವಾಗ ಗಟ್ಟಿ ಪೆಟ್ಟಿಗೆ, ಬ್ಯಾಟರಿ ಹೊರಗೆ, ತಂತಿ ಎರಡು ಸ್ವರದಷ್ಟು ಇಳಿಸಿ. ತಲೆಯ ಕೆಳಗೆ ಬಟ್ಟೆ ತುರುಕಿ ಆಡದ ಹಾಗೆ ಮಾಡಲಿ. ಬಂದ ದಿನವೇ ಶ್ರುತಿ ಮಾಡಿ ರಾಡ್ ತಿರುಗಿಸಲು ಹೋಗಬೇಡಿ. ಒಂದು ವಾರ ಇಲ್ಲಿಯ ಗಾಳಿಗೆ ಹೊಂದಿಕೊಳ್ಳಲಿ. ನೀವು ಮಂಗಳೂರಿನವರು, ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಇಡಿ, ಒಂದು ಸಣ್ಣ ತೇವ ಮಾಪಕ ಕೂಡ. 45ರಿಂದ 55 ಶೇಕಡಾ ಇದ್ದರೆ ನಿಶ್ಚಿಂತೆ. ನಿಮ್ಮ ಸೆಕೆಗೆ ಕಬ್ಬಿಣದ ಸ್ಕ್ರೂ ಬೇಗ ತುಕ್ಕು ಹಿಡಿಯುತ್ತದೆ, ಬ್ರಿಡ್ಜ್ (ಒಡಲ ಮೇಲೆ ತಂತಿ ಕೂರುವ ಲೋಹದ ಭಾಗ) ಒರೆಸಿಡುವ ಅಭ್ಯಾಸ ಮಾಡಿಕೊಳ್ಳಿ.

ಮುಂದೆ ಬೆಲೆ ಏರುತ್ತದೆ ಅಂತ ತರಿಸುವುದಾದರೆ ಬೇಡ. ತೂಕವೂ ಜಾಸ್ತಿ, ನನ್ನದು ನಾಲ್ಕು ಕಿಲೋ ಮೇಲಿದೆ, ಬೆನ್ನು ನೋವಿದ್ದವರು ಅಗಲ ಪಟ್ಟಿ ತಗೊಳ್ಳಿ. ನುಡಿಸುವುದಕ್ಕಾದರೆ, ಕುತ್ತಿಗೆ ಸರಿಯಿದ್ದರೆ, ನಾನು ಇವತ್ತೇ ಭಾವನಿಗೆ ಫೋನ್ ಮಾಡುತ್ತಿದ್ದೆ. ಮೂರು ಫೋಟೋ ಇಲ್ಲಿ ಹಾಕಿ: ಸೀರಿಯಲ್ ನಂಬರ್, ಮೊದಲ ಐದು ಫ್ರೆಟ್, ಹಿಂದಿನ ಮುಚ್ಚಳದ ಒಳಗೆ. ರಾತ್ರಿ ನೋಡಿ ಹೇಳುತ್ತೇನೆ.