ವಿಡಾಲ್ ಪಾಸಿಟಿವ್ ಬಂತು, ಟೈಫಾಯ್ಡ್ ಔಷಧಿಗೆ ಜ್ವರ ಬಗ್ಗುತ್ತಿಲ್ಲ

ಪ್ರಶ್ನೆ: ನಮ್ಮ ಯಜಮಾನರಿಗೆ 42 ವರ್ಷ. ಮೂರು ಹಸು ಸಾಕಿದ್ದೇವೆ, ಡೇರಿಗೆ ಹಾಲು ಹಾಕುತ್ತೇವೆ. ಒಂದೂವರೆ ತಿಂಗಳಿಂದ ಇವರಿಗೆ ಜ್ವರ ಬಿಟ್ಟು ಬಿಟ್ಟು ಬರುತ್ತಿದೆ. ಸಂಜೆಯಾದರೆ ಮೈ ಬಿಸಿ, ರಾತ್ರಿ ಬನಿಯನ್ ಹಿಂಡುವಷ್ಟು ಬೆವರು, ಸೊಂಟನೋವು ಬೇರೆ. ವಿಡಾಲ್ ಟೆಸ್ಟಿನಲ್ಲಿ 'ಓ' 1:160 ಬಂತು, ಟೈಫಾಯ್ಡ್ ಅಂದರು. ಎರಡು ಕೋರ್ಸ್ ಔಷಧಿ ಆಯ್ತು. ನಿಂತ ಜ್ವರ ಮತ್ತೆ ಬಂತು. ಡೆಂಗಿ, ಮಲೇರಿಯಾ ಇಲ್ಲ. ಎರಡು ತಿಂಗಳ ಹಿಂದೆ ಒಂದು ಹಸು ಏಳು ತಿಂಗಳಿಗೇ ಕಂದು ಹಾಕಿತು, ಆ ಚಿಂತೆಗೇ ಹೀಗಾಯಿತೋ ಏನೋ.
– ಓದುಗರು, ಮುಳಬಾಗಿಲು ತಾಲ್ಲೂಕು

ಉತ್ತರ: ನೀವು ಕೊನೆಗೆ ಬರೆದ ಮಾತೇ ಇಲ್ಲಿ ಮುಖ್ಯ. ಆದರೆ ಕಾರಣ ಚಿಂತೆ ಅಲ್ಲ. ಆ ದಿನ ಕರುವನ್ನು ಎಳೆದವರು ಯಾರು? ಕಸ (ಕರುವಿನ ಹಿಂದೆ ಬೀಳುವ ಮಾಸು) ತೆಗೆದು ಹೂತವರು ಯಾರು? ಬರಿಗೈಯಲ್ಲಿ ಯಜಮಾನರೇ ಮಾಡಿದ್ದರೆ ಬ್ರೂಸೆಲ್ಲೋಸಿಸ್, ಅಂದರೆ ಬ್ರೂಸೆಲ್ಲಾ ರೋಗಾಣುವಿನಿಂದ ದನಗಳಿಂದ ಮನುಷ್ಯರಿಗೆ ಅಂಟುವ ಜ್ವರ, ಇದೆಯೇ ಅಂತ ಮೊದಲು ನೋಡಬೇಕು. ಹಸು ದಿನ ತುಂಬುವ ಮೊದಲೇ ಕಂದು ಹಾಕಲು ಇದೊಂದು ದೊಡ್ಡ ಕಾರಣ. ಆ ಕಸದಲ್ಲಿ, ನೀರಿನಲ್ಲಿ ರೋಗಾಣು ತುಂಬಿರುತ್ತದೆ. ಕೈಯ ಸಣ್ಣ ಗಾಯ ಸಾಕು, ಒಳಗೆ ಹೋಗುತ್ತದೆ. ಹಸಿ ಹಾಲಿನಿಂದಲೂ ಬರುತ್ತದೆ. ಜ್ವರ ಶುರುವಾಗಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು. ನಿಮ್ಮ ಲೆಕ್ಕಕ್ಕೆ ಸರಿಹೊಂದುತ್ತದೆ ಅಲ್ವಾ?

ಇನ್ನು ಆ ವಿಡಾಲ್. 1896ರಿಂದ ಇರುವ ಈ ಪರೀಕ್ಷೆ ರೋಗಾಣುವನ್ನು ಹುಡುಕುವುದಿಲ್ಲ, ಅದರ ವಿರುದ್ಧ ಹೋರಾಡಲು ಮೈ ತಯಾರಿಸಿಕೊಂಡ ಪ್ರತಿಕಾಯವನ್ನು ಅಳೆಯುತ್ತದೆ. 1:160 ಅಂದರೆ ರಕ್ತದ ಸೀರಮ್ಮನ್ನು 160 ಪಟ್ಟು ತೆಳು ಮಾಡಿದರೂ ಪ್ರತಿಕಾಯ ಸಿಕ್ಕಿತು ಅಂತ. ಹಿಂದೆಂದೋ ಟೈಫಾಯ್ಡ್ ಬಂದು ಹೋಗಿದ್ದರೂ, ಲಸಿಕೆ ಹಾಕಿಸಿದ್ದರೂ, ಬೇರೆ ಜ್ವರವಿದ್ದರೂ ಪಾಸಿಟಿವ್ ಬರಬಹುದು. ನಮ್ಮ ಕಡೆ ಚೆನ್ನಾಗಿ ಓಡಾಡಿಕೊಂಡಿರುವವರಲ್ಲೂ 1:80 ಕಾಣುತ್ತದೆ, ಕೆಲವರಲ್ಲಿ 1:160 ಕೂಡ. ಆದ್ದರಿಂದ ಒಂದೇ ಒಂದು ವಿಡಾಲ್ ಚೀಟಿ ಹಿಡಿದು ಟೈಫಾಯ್ಡ್ ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಟೈಫಾಯ್ಡಿಗೆ ಸರಿಯಾದ ಪರೀಕ್ಷೆ ಬ್ಲಡ್ ಕಲ್ಚರ್ (ರಕ್ತದಲ್ಲಿರುವ ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವುದು), ಅದೂ ಆ್ಯಂಟಿಬಯಾಟಿಕ್ ಶುರು ಮಾಡುವ ಮೊದಲೇ. ನಮ್ಮಲ್ಲಿ ನಡೆಯುವುದು ಉಲ್ಟಾ. ಮೊದಲು ಇಂಜೆಕ್ಷನ್, ಆಮೇಲೆ ರಕ್ತ.

ಡೆಂಗಿ ಇಲ್ಲ ಅಂದಿದ್ದೀರಿ. ಡೆಂಗಿ ವೈರಸ್ಸಿನ ಎನ್‌ಎಸ್‌1 ಅನ್ನುವ ಅಂಶ ರಕ್ತದಲ್ಲಿ ಹೆಚ್ಚಾಗಿ ಮೊದಲ ಐದು ದಿನದಲ್ಲಿ ಸಿಗುತ್ತದೆ, ಆಮೇಲೆ ಐಜಿಎಂ ಅನ್ನುವ ಪ್ರತಿಕಾಯ ನೋಡಬೇಕು. ಏನೇ ಆಗಲಿ, ಒಂದೂವರೆ ತಿಂಗಳು ಎಳೆಯುವ ಜ್ವರ ಡೆಂಗಿ ಅಲ್ಲ.

ಕೋಲಾರದ ಎಸ್‌ಎನ್‌ಆರ್ ಆಸ್ಪತ್ರೆಯಲ್ಲೋ ಟಮಕದ ಮೆಡಿಕಲ್ ಕಾಲೇಜಿನಲ್ಲೋ ಫಿಸಿಷಿಯನ್‌ಗೆ ತೋರಿಸಿ. ಹಸುವಿನ ವಿಷಯವನ್ನು ಅವರು ಕೇಳದಿದ್ದರೂ ನೀವೇ ಹೇಳಿ. ಬ್ರೂಸೆಲ್ಲಾಕ್ಕೆ ರೋಸ್ ಬೆಂಗಾಲ್ ಮತ್ತು ಎಸ್‌ಎಟಿ ಅನ್ನುವ ರಕ್ತಪರೀಕ್ಷೆಗಳಿವೆ. ಇಂಥ ಲಕ್ಷಣಗಳ ಜೊತೆಗೆ ಎಸ್‌ಎಟಿ 1:160 ಅಥವಾ ಜಾಸ್ತಿ ಬಂದರೆ ಅನುಮಾನ ಗಟ್ಟಿಯಾಗುತ್ತದೆ. ಅದೇ 1:160, ಆದರೆ ಇಲ್ಲಿ ಅದರ ತೂಕವೇ ಬೇರೆ. ಬ್ಲಡ್ ಕಲ್ಚರ್ ಮಾಡಿಸಿದರೆ ಬ್ರೂಸೆಲ್ಲಾ ಅನುಮಾನ ಅಂತ ಲ್ಯಾಬಿಗೆ ಮೊದಲೇ ತಿಳಿಸಬೇಕು. ರೋಗಾಣು ನಿಧಾನಕ್ಕೆ ಬೆಳೆಯುತ್ತದೆ, ಜೊತೆಗೆ ಲ್ಯಾಬಿನವರಿಗೇ ಅಂಟಿಕೊಳ್ಳಬಹುದು.

ಸಂಜೆ ಜ್ವರ, ರಾತ್ರಿ ಬೆವರು, ಸೊಂಟನೋವು ಅಂದರೆ ಬೆನ್ನುಮೂಳೆಯ ಟಿಬಿಯೂ ಆಗಿರಬಹುದು. ಅದನ್ನೂ ನೋಡಿಸಿ. ಇದು ಯಾಕೆ ಮುಖ್ಯ ಅಂದರೆ, ಬ್ರೂಸೆಲ್ಲೋಸಿಸ್‌ಗೆ ಡಾಕ್ಸಿಸೈಕ್ಲಿನ್ ಜೊತೆ ಕೊಡುವ ರಿಫಾಂಪಿಸಿನ್ ಟಿಬಿಗೂ ಕೊಡುವ ಮಾತ್ರೆ. ಯಾವುದಕ್ಕೆ ಅಂತ ಗೊತ್ತಾಗದೆ ಸುಮ್ನೆ ಶುರು ಮಾಡಿದರೆ ಎರಡೂ ಕೆಡುತ್ತದೆ. ಬ್ರೂಸೆಲ್ಲೋಸಿಸ್ ಅಂತ ಗೊತ್ತಾದರೆ ಕನಿಷ್ಠ ಆರು ವಾರ ಮಾತ್ರೆ. ಹತ್ತು ದಿನಕ್ಕೆ ಜ್ವರ ಬಿಟ್ಟಿತು ಅಂತ ನಿಲ್ಲಿಸಿದರೆ ಮತ್ತೆ ಬರುತ್ತದೆ. ಬೀಜ ಊದಿಕೊಂಡಿದ್ದರೆ ನಾಚಿಕೊಳ್ಳದೆ ಡಾಕ್ಟರಿಗೆ ಹೇಳಲಿ, ಅದೂ ಈ ರೋಗದ ಗುರುತು. ಕಾಲು ಸೋತರೆ, ಉಸಿರುಕಟ್ಟಿದರೆ ಅವತ್ತೇ ಹೊರಡಿ.

ಮನೆಯಲ್ಲಿ ಎಲ್ಲರೂ ಹಾಲನ್ನು ಕುದಿಸಿಯೇ ಕುಡಿಯಿರಿ. ಪಶುವೈದ್ಯರನ್ನು ಕರೆಸಿ ಮೂರೂ ಹಸುಗಳ ರಕ್ತ ಪರೀಕ್ಷೆಗೆ ಕೊಡಿ. ಹೆಣ್ಣು ಕರು ಇದ್ದರೆ ನಾಲ್ಕರಿಂದ ಎಂಟು ತಿಂಗಳೊಳಗೆ ಈ ರೋಗದ ಲಸಿಕೆ ಹಾಕಿಸಬಹುದು. ಇನ್ನೊಂದು ಹಸು ಕಂದು ಹಾಕಿದರೆ ಕೈಗೆ ಗ್ಲೌಸ್, ಬಾಯಿಗೆ ಮಾಸ್ಕ್ ಇರಲಿ. ಆಳವಾದ ಗುಂಡಿ ತೋಡಿ, ಸುಣ್ಣ ಹಾಕಿ ಹೂಳಿ. ನಾಯಿಗಳಿಗೆ ಸಿಗದ ಹಾಗೆ ನೋಡಿಕೊಳ್ಳಿ.